ಬೆಂಡೆಕಾಯಿಯ ತುದಿ, ಬಾಳೆಹಣ್ಣಿನ ಚೀಟಿ

ಬೆಂಡೆಕಾಯಿಯ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಟಪ್ಪೆಂದು ಮುರಿಯಬೇಕು. ಬಾಗಿತೆಂದರೆ ಬಲಿತದ್ದು. ಅಮ್ಮನ ಹಿಂದೆ ಸಂತೆ ಸುತ್ತಿ ಕಲಿತ ಪಾಠವಿದು. ತರಕಾರಿ ಆರಿಸುತ್ತಲೇ ಅಮ್ಮ ಕೇಳುತ್ತಿದ್ದಳು: "ಏನಪ್ಪಾ, ಇದಕ್ಕೆ ಔಷಧಿ ಹೊಡೆದಿದ್ದೀಯಾ?" ಬೆಳೆದವನೇ ಮಾರುತ್ತಿದ್ದುದರಿಂದ ಉತ್ತರವೂ ಅಲ್ಲೇ ಸಿಗುತ್ತಿತ್ತು.

ಅಮೆರಿಕದ ಅಂಗಡಿಯಲ್ಲಿ ಆ ಪ್ರಶ್ನೆ ಕೇಳಲು ಯಾರೂ ಇಲ್ಲ. ಬಾಳೆಹಣ್ಣಿನ ಮೇಲಿನ ಪುಟ್ಟ ಚೀಟಿಯೇ ಮಾತನಾಡಬೇಕು. 4011 ಎಂದಿದ್ದರೆ ಸಾಮಾನ್ಯ ಹಣ್ಣು, 94011 ಎಂದಿದ್ದರೆ ಸಾವಯವ. ನನ್ನ ಮಗಳು ಮೊದಲ ಅಂಕಿ ನೋಡಿಯೇ ಹಣ್ಣನ್ನು ಬುಟ್ಟಿಗೆ ಹಾಕುತ್ತಾಳೆ. 2002ರಿಂದ ಇಲ್ಲಿ ಕೃಷಿ ಇಲಾಖೆಯ ಸಾವಯವ ಮುದ್ರೆ ಬಳಕೆಯಲ್ಲಿದೆ. ಆ ಮುದ್ರೆ ಬೇಕೆಂದರೆ ಕೊಯ್ಲಿಗೆ ಮೊದಲು ಮೂರು ವರ್ಷ ಆ ನೆಲಕ್ಕೆ ನಿಷಿದ್ಧ ರಾಸಾಯನಿಕ ತಾಗಿರಬಾರದು, ವರ್ಷವರ್ಷವೂ ತಪಾಸಣೆಯಾಗಬೇಕು. ಈ ಶಿಸ್ತು ನನಗೆ ನಿಜಕ್ಕೂ ಇಷ್ಟ. ಪೊಟ್ಟಣಗಳ ಮೇಲೆ ಕಾಣುವ 'ನ್ಯಾಚುರಲ್' ಎಂಬ ಪದದ ಹಿಂದೆ ಇಂಥ ಕಟ್ಟುಪಾಡಿಲ್ಲ. ಹೊಲದಲ್ಲಿ ಏನು ಸಿಂಪಡಿಸಿದರು ಎಂಬುದನ್ನು ಅದು ಹೇಳುವುದಿಲ್ಲ.

ಆದರೆ ಮುದ್ರೆ ಕಂಡ ಕೂಡಲೇ ಪ್ರಶ್ನೆ ಮುಗಿಯಿತೆಂದು ತಿಳಿಯುವುದು ತಪ್ಪು. ಸಾವಯವ ಎಂದರೆ ಏನನ್ನೂ ಸಿಂಪಡಿಸಿಲ್ಲವೆಂದಲ್ಲ, ತಾಮ್ರದ ಕೆಲವು ಸಂಯುಕ್ತಗಳಿಗೆ ಅಲ್ಲಿಯೂ ಅನುಮತಿಯಿದೆ. ಸಾವಯವ ಬಿಸ್ಕತ್ತಿನ ಸಕ್ಕರೆಯೂ ಸಕ್ಕರೆಯೇ. ಹಾಗಾಗಿ ನಮ್ಮ ಮನೆಯಲ್ಲಿ ಹೆಚ್ಚಿನ ಹಣ ಹೋಗುವುದು ಮಕ್ಕಳು ಸಿಪ್ಪೆಸಮೇತ ತಿನ್ನುವ ಸ್ಟ್ರಾಬೆರಿ, ಸೇಬು ಮತ್ತು ಸೊಪ್ಪಿಗೆ. ಈರುಳ್ಳಿ, ಬೆಣ್ಣೆಹಣ್ಣು ಸಾಮಾನ್ಯದ್ದೇ ಸಾಕು. ಸಾವಯವ ದುಬಾರಿಯೆಂದು ಹಣ್ಣನ್ನೇ ಕಡಿಮೆ ಮಾಡುವ ಗೆಳೆಯರನ್ನು ಕಂಡಿದ್ದೇನೆ. ಅದು ಮಾತ್ರ ಬೇಡ. ಸಾಮಾನ್ಯ ಸೇಬನ್ನೇ ಹರಿಯುವ ನೀರಿನಲ್ಲಿ ಉಜ್ಜಿ ತೊಳೆದು ಮಕ್ಕಳಿಗೆ ಕೊಡಿ.

ಊರಿಗೆ ಹೋದಾಗ ಕಾಣುವುದು ಇನ್ನೊಂದು ಬಗೆ. ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ತಂದ ರಾಜ್ಯ. ದೇಶದಲ್ಲಿ ಸಾವಯವ ಆಹಾರಕ್ಕೆಂದೇ 2017ರ ನಿಯಮಗಳಿವೆ, 'ಜೈವಿಕ್ ಭಾರತ್' ಮುದ್ರೆಯಿದೆ. ಆದರೂ ನನ್ನ ಬಂಧುಗಳು ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ 'ಸಾವಯವ' ಎಂದಿದ್ದರೆ ಸಾಕೆಂದು ಕೊಳ್ಳುತ್ತಾರೆ. ಪೊಟ್ಟಣವನ್ನು ತಿರುಗಿಸಿ ಮುದ್ರೆ ಹುಡುಕಿ ಎಂದು ಅವರಿಗೆ ಹೇಳುತ್ತಲೇ ಇರುತ್ತೇನೆ. ನೇರವಾಗಿ ಮಾರುವ ಸಣ್ಣ ರೈತರಿಗೆ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಅವರ ಮುಂದೆ ನಿಂತಾಗ ಅಮ್ಮನ ಪ್ರಶ್ನೆಯೇ ಬೇಕು.

ಆ ಪ್ರಶ್ನೆಯನ್ನು ನಾನು ಇಲ್ಲಿಯೂ ಬಿಟ್ಟಿಲ್ಲ. ಶನಿವಾರದ ರೈತರ ಸಂತೆಯಲ್ಲಿ ಒಬ್ಬ ಬೆಳೆಗಾರನನ್ನು, "ಈ ಸೊಪ್ಪಿಗೆ ಏನಾದರೂ ಹೊಡೆದಿದ್ದೀರಾ?" ಎಂದು ಕೇಳಿದೆ. ಮುದ್ರೆಯಿಲ್ಲದ ಮಾಲು ಅವನದು. ಅವನಿಗೆ ಬೇಸರವಾಗಲಿಲ್ಲ. ಒಂದು ಎಲೆಯನ್ನು ಮಗುಚಿ, ಹೇನು ಕುಳಿತು ಸುರುಟಿದ ಜಾಗ ತೋರಿಸಿದ. ಏನೂ ಹೊಡೆಯದೆ ಅರ್ಧ ಸಾಲು ಕಳೆದುಕೊಂಡೆನೆಂದ. ಉಳಿದರ್ಧದಿಂದ ಎರಡು ಕಟ್ಟು ತಂದೆ.