ಮೂರು ಪ್ರಶ್ನೆ, ಒಂದು ಪ್ರಳಯ

ಆಟಗಾರರ ಆಯ್ಕೆಯಂತೆ ಕಥೆ ತಿರುಗುವ ಡ್ರ್ಯಾಗನ್ ಏಜ್ ಎಂಬ ವಿಡಿಯೊ ಗೇಮ್ ಸರಣಿಯ ನಾಲ್ಕನೆಯ ಗೇಮ್ 'ದಿ ವೇಲ್‌ಗಾರ್ಡ್' ಏಕೆ ನೆಲಕಚ್ಚಿತು ಎಂಬುದಕ್ಕೆ ಅದರ ಪ್ರಕಾಶಕರಾದ ಎಲೆಕ್ಟ್ರಾನಿಕ್ ಆರ್ಟ್ಸ್‌ನವರು 2025ರ ಆರಂಭದಲ್ಲಿ ಕೊಟ್ಟ ಸಮಜಾಯಿಷಿಯನ್ನು ಬೆಂಗಳೂರಿನ ಅಭಿಮಾನಿಗಳು ಇನ್ನೂ ಜೀರ್ಣಿಸಿಕೊಂಡಿಲ್ಲ. ಗೇಮ್ ತಲುಪಿದ್ದು ಸುಮಾರು 15 ಲಕ್ಷ ಆಟಗಾರರನ್ನು, ಅಂದರೆ ಅವರ ಅಂದಾಜಿನ ಹೆಚ್ಚುಕಡಿಮೆ ಅರ್ಧವನ್ನು. ಈಗಿನ ಆಟಗಾರರಿಗೆ ಉತ್ತಮ ಕಥೆಯ ಜೊತೆಗೆ ಎಲ್ಲರೂ ಕೂಡಿ ಆಡುವಂಥ ಲೋಕವೂ ಬೇಕಾಗಿದೆಯಂತೆ, ಅದಕ್ಕೇ ಹೀಗಾಯಿತಂತೆ. ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆಯೇನೋ ನಮ್ಮಲ್ಲಿದೆ. ಆದರೆ ಇಲ್ಲಿ ಆ ನೆಲವನ್ನು ಹಾಕಿಸಿದವರೂ ಇವರೇ. ಇದೇ ಗೇಮನ್ನು ಒಂದು ಹಂತದಲ್ಲಿ ಹಲವರು ಕೂಡಿ ಆಡುವಂತೆ ಕಟ್ಟಲು ಹೊರಟು, ನಡುದಾರಿಯಲ್ಲಿ ಮನಸ್ಸು ಬದಲಿಸಿ ಒಬ್ಬರೇ ಆಡುವಂತೆ ತಿರುಗಿಸಿ, ಕೊನೆಗೆ ಕೂಡಿ ಆಡಲು ಬರುವುದಿಲ್ಲವಲ್ಲ ಎಂದು ಕೊರಗಿದವರು ಇವರು.

ಇರಲಿ, ಗೇಮಿನ ಔದಾರ್ಯವನ್ನೂ ಹೊಗಳಬೇಕು. 2009ರ ಮೊದಲ ಭಾಗದಲ್ಲಿ ಫೆರೆಲ್ಡನ್ ಎಂಬ ನಾಡಿನ ಸಿಂಹಾಸನದ ಮೇಲೆ ಆಲಿಸ್ಟರ್ ಕೂರಬೇಕೋ ಅನೋರಾ ಕೂರಬೇಕೋ ಎಂದು ತೀರ್ಮಾನಿಸಿದವರು ನಾವು. 2014ರಲ್ಲಿ ಮೂರನೆಯ ಭಾಗ ಬಂದಾಗ, ಹಿಂದಿನ ನಮ್ಮ ತೀರ್ಮಾನಗಳನ್ನೆಲ್ಲ ಒಂದೊಂದಾಗಿ ದಾಖಲಿಸಲೆಂದೇ 'ಡ್ರ್ಯಾಗನ್ ಏಜ್ ಕೀಪ್' ಎಂಬ ಪ್ರತ್ಯೇಕ ವ್ಯವಸ್ಥೆಯನ್ನು ತೆರೆದು, ಸಬ್‌ರಿಜಿಸ್ಟ್ರಾರ್ ಕಚೇರಿಯನ್ನೂ ನಾಚಿಸುವಷ್ಟು ವಿವರಗಳನ್ನು ನಮ್ಮಿಂದ ಬರೆಸಿಕೊಂಡರು. ಆಮೇಲೆ ಹತ್ತು ವರ್ಷ ಕಾಯಿಸಿ, 2024ರ ಅಕ್ಟೋಬರ್ 31ರಂದು ಬಂದ ಗೇಮಿನಲ್ಲಿ ಹಿಂದಿನ ಬಗ್ಗೆ ಕೇಳಿದ್ದು ಮೂರೇ ಪ್ರಶ್ನೆ: ಮೂರನೆಯ ಭಾಗದ ನಾಯಕನಾದ ನಿನ್ನ ಇನ್‌ಕ್ವಿಸಿಟರ್ ಯಾರನ್ನು ಪ್ರೀತಿಸಿದ, ತನ್ನ ಪಡೆಯನ್ನು ವಿಸರ್ಜಿಸಿದನೇ ಇಲ್ಲವೇ, ಲೋಕವನ್ನೇ ಬುಡಮೇಲು ಮಾಡಹೊರಟ ಮಾಂತ್ರಿಕ ಸೋಲಾಸ್‌ನನ್ನು ತಡೆಯುತ್ತೇನೆಂದನೋ ಉಳಿಸುತ್ತೇನೆಂದನೋ. ಹತ್ತು ವರ್ಷದ ಮೇಲೆ ಮದುವೆಮನೆಯಲ್ಲಿ ಸಿಕ್ಕ ದೊಡ್ಡಮ್ಮ ಕೂಡ ಇದಕ್ಕಿಂತ ಹೆಚ್ಚು ವಿಚಾರಿಸುತ್ತಾರೆ. ಈ ಮಿತಭಾಷೆಯ ಪರಾಕಾಷ್ಠೆಯೆಂದರೆ ಮೊದಲ ಭಾಗದಿಂದಲೂ ಬಂದಿರುವ ಮಾಂತ್ರಿಕೆ ಮಾರಿಗನ್. ಆಕೆಗೊಬ್ಬ ಮಗನಿದ್ದಾನೆಯೇ, ಇದ್ದರೆ ಎಂಥವನು ಎಂಬುದು ಮೊದಲ ಭಾಗದಲ್ಲಿ ನಾವು ಮಾಡಿದ ಆಯ್ಕೆಯ ಮೇಲೆ ನಿಂತಿತ್ತು. ಇಲ್ಲಿ ಆಕೆ ಠೀವಿಯಿಂದ ಬಂದು ಲೋಕದ ಸಮಾಚಾರವನ್ನೆಲ್ಲ ಮಾತನಾಡುತ್ತಾಳೆ, ಮಗನ ಸುದ್ದಿಯೊಂದನ್ನು ಬಿಟ್ಟು. ಯಾರ ಲೋಕದಲ್ಲಿ ಮಗ ಹುಟ್ಟಿದ್ದಾನೆ, ಯಾರ ಲೋಕದಲ್ಲಿ ಹುಟ್ಟಿಲ್ಲ ಎಂದು ಗೊತ್ತಿಲ್ಲದ ತಾಯಿ ಪಾಪ ಇನ್ನೇನು ಮಾಡಿಯಾಳು?

ಆದರೂ ಒಂದು ತೊಡಕು ಉಳಿದಿತ್ತು. ನಾವು ಸಿಂಹಾಸನಕ್ಕೇರಿಸಿದವರೆಲ್ಲ ದಕ್ಷಿಣದಲ್ಲಿ ಇನ್ನೂ ಆಳುತ್ತಿರಬೇಕಲ್ಲ? ಅದಕ್ಕೂ ಪರಿಹಾರ ಸಿಕ್ಕಿತು. ಕಥೆ ಉತ್ತರದಲ್ಲಿ ನಡೆಯುತ್ತಿರುವಾಗ ದಕ್ಷಿಣದಿಂದ ಆಗಾಗ ಪತ್ರಗಳು ಬರುತ್ತವೆ, ಅಲ್ಲಿನ ನಾಡುಗಳನ್ನು ಬ್ಲೈಟ್ ಎಂಬ ಮಹಾಮಾರಿ ನುಂಗುತ್ತಿದೆ ಎಂದು ತಿಳಿಸುತ್ತವೆ. ಮೂರು ಗೇಮ್‌ಗಳ ತೀರ್ಮಾನಗಳಿಗೆ ನಾಲ್ಕಾರು ಕಾಗದಗಳಲ್ಲಿ ಎಳ್ಳುನೀರು.

ಇದನ್ನು ಓದಿ ಹೊರದೇಶದ ಅಭಿಮಾನಿಗಳು ಬೆಚ್ಚಿಬಿದ್ದರು. ಬೆಂಗಳೂರಿಗನಾದ ನಾನು ಬೆಚ್ಚಲಿಲ್ಲ, ಏಕೆಂದರೆ ಈ ತಂತ್ರದ ಹಕ್ಕುಸ್ವಾಮ್ಯ ನಮ್ಮದು. 2015ರ ಆಗಸ್ಟ್‌ನಲ್ಲಿ ನಾವು 198 ವಾರ್ಡ್‌ಗಳಿಗೆ ಕಾರ್ಪೊರೇಟರ್‌ಗಳನ್ನು ಆರಿಸಿದೆವು. 2020ರ ಸೆಪ್ಟೆಂಬರ್‌ನಲ್ಲಿ ಅವರ ಅವಧಿ ಮುಗಿಯಿತು. ಆಮೇಲೆ ವಾರ್ಡ್‌ಗಳನ್ನು ಹೆಚ್ಚಿಸುವುದು, ಇಳಿಸುವುದು, ಗೆರೆ ಎಳೆಯುವುದು, ಎಳೆದ ಗೆರೆಯನ್ನು ಅಳಿಸುವುದು, ನ್ಯಾಯಾಲಯಕ್ಕೆ ಹೋಗುವುದು, ಬರುವುದು ಎಂದು ವರ್ಷಗಳು ಕಳೆದವೇ ಹೊರತು ಚುನಾವಣೆ ಬರಲಿಲ್ಲ. ಬಂದದ್ದು 2025ರ ಸೆಪ್ಟೆಂಬರ್. ಅಷ್ಟರಲ್ಲಿ ಬಿಬಿಎಂಪಿಯೇ ಇಲ್ಲವಾಗಿ, ಅದರ ಜಾಗದಲ್ಲಿ ಐದು ಪಾಲಿಕೆಗಳು ಹುಟ್ಟಿದ್ದವು. ನನ್ನ ಮತ ಏನಾಯಿತೆಂದು ಕೇಳಲು ಹೋದರೆ, ನೀವು ಮತ ಹಾಕಿದ ಪಾಲಿಕೆಯೇ ಈಗ ಅಸ್ತಿತ್ವದಲ್ಲಿಲ್ಲ ಸ್ವಾಮಿ ಎನ್ನಬಹುದು. ಕೆನಡಾದಲ್ಲಿ ಕುಳಿತು ಈ ಗೇಮಿನ ಕಥೆ ಹೆಣೆಯುವ ಬಯೋವೇರ್ ಸ್ಟುಡಿಯೊದವರು ಹತ್ತು ವರ್ಷ ತಲೆ ಕೆಡಿಸಿಕೊಳ್ಳುವ ಬದಲು ನಮ್ಮ ನಗರಾಭಿವೃದ್ಧಿ ಇಲಾಖೆಯಲ್ಲಿ ಆರು ತಿಂಗಳು ತರಬೇತಿ ಪಡೆಯಬಹುದಿತ್ತು.

ಅಭಿಮಾನಿಗಳೂ ಕಡಿಮೆಯವರಲ್ಲ. ಬನಶಂಕರಿಯ ನನ್ನ ಕಿರಿಯ ಗೆಳೆಯನೊಬ್ಬ 2009ರಿಂದ ತನ್ನ ಆಟದ ಆಯ್ಕೆಗಳೆಲ್ಲ ದಾಖಲಾಗಿರುವ ಸೇವ್ ಫೈಲ್‌ಗಳನ್ನು ಒಂದು ಹಾರ್ಡ್‌ಡಿಸ್ಕ್‌ನಲ್ಲಿ ಕಾಪಿಟ್ಟಿದ್ದಾನೆ. ಅದನ್ನು ಅವರಮ್ಮನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಮನೆಯ ಖಾತಾ ಪತ್ರಗಳಿರುವ ಬೀರುವಿನಲ್ಲೇ ಇಟ್ಟಿದ್ದಾನೆ. "ಸಾರ್, ಆಲಿಸ್ಟರ್‌ನ ರಾಜ ಮಾಡಬೇಕಾ ಬೇಡ್ವಾ ಅಂತ ನಾನು ಒಂದು ರಾತ್ರಿ ನಿದ್ದೆಗೆಟ್ಟಿದ್ದೆ. ಇವರಿಗೆ ಒಂದು ಸಾಲು ಬರೆಯೋಕೆ ಆಗಲಿಲ್ವಾ?" ಎಂದ. ನ್ಯಾಯವಾದ ಮಾತೇ. ಆದರೆ ಅವನಿಗೆ ಬೇಕಾಗಿರುವುದು ಒಂದು ಸಾಲಲ್ಲ. ತಾನು ಕರುಣೆ ತೋರಿದ ಪ್ರತಿಯೊಬ್ಬ ಕಳ್ಳನೂ ಮೂರನೆಯ ಭಾಗದಲ್ಲಿ ಎದುರಾಗಿ ಕೈಮುಗಿಯಬೇಕು, ತಾನು ಬೈದ ವ್ಯಾಪಾರಿ ನಾಲ್ಕನೆಯ ಭಾಗದಲ್ಲೂ ಮುಖ ತಿರುಗಿಸಬೇಕು. ಸಾಫ್ಟ್‌ವೇರ್ ಇಂಜಿನಿಯರ್ ಆದವನಿಗೆ ಇದರ ಲೆಕ್ಕ ನಾನು ಹೇಳಿಕೊಡಬೇಕೇ? ಹೌದು ಅಥವಾ ಇಲ್ಲ ಎಂಬಂಥ ಹತ್ತು ಆಯ್ಕೆಗಳಿದ್ದರೆ 1,024 ಲೋಕಗಳಾಗುತ್ತವೆ. ಇಪ್ಪತ್ತಿದ್ದರೆ ಹತ್ತು ಲಕ್ಷ ದಾಟುತ್ತವೆ. ಬೇರೆ ಸ್ಟುಡಿಯೊದ 2011ರ ಗೇಮ್ ವಿಚರ್ 2ರಲ್ಲಿ ಒಂದೇ ಒಂದು ಆಯ್ಕೆಯನ್ನು ನಿಜವಾಗಿ ಗೌರವಿಸಲು ಹೋಗಿ, ಎರಡನೆಯ ಅಂಕವನ್ನು ಹೆಚ್ಚುಕಡಿಮೆ ಎರಡು ಬಾರಿ ಕಟ್ಟಬೇಕಾಯಿತು, ಒಮ್ಮೆ ಮಾತ್ರ ಆಡುವವನು ಅದರ ಅರ್ಧವನ್ನು ನೋಡುವುದೇ ಇಲ್ಲ. ಆದ್ದರಿಂದಲೇ ಎಲ್ಲರೂ ಕವಲೊಡೆದ ದಾರಿಗಳನ್ನು ಸದ್ದಿಲ್ಲದೆ ಮತ್ತೆ ಒಂದೇ ಹೆದ್ದಾರಿಗೆ ತಂದು ಸೇರಿಸುತ್ತಾರೆ.

ಸೇರಿಸಲಿ, ಬೇಡವೆನ್ನುವುದಿಲ್ಲ. ಸಿಟ್ಟು ಬರುವುದು ಹೆದ್ದಾರಿಯನ್ನು ತೋರಿಸಿ ನೂರು ದಾರಿಗಳೆಂದು ಮಾರುವಾಗ. 2011ರ ಡ್ರ್ಯಾಗನ್ ಏಜ್ 2ರಲ್ಲಿ ಮಾಂತ್ರಿಕರ ಪರವೋ ಅವರನ್ನು ಕಾವಲು ಕಾಯುವ ಯೋಧರಾದ ಟೆಂಪ್ಲರ್‌ಗಳ ಪರವೋ ಎಂದು ಇಡೀ ಗೇಮ್ ನಮ್ಮನ್ನು ಸತಾಯಿಸಿ, ಕಡೆಗೆ ಯಾವ ಪಕ್ಷ ಸೇರಿದರೂ ಎರಡೂ ಕಡೆಯ ನಾಯಕರ ಜೊತೆ ಹೊಡೆದಾಡಿಸಿತು. ಇದೇ ಬಯೋವೇರ್‌ನವರ ಇನ್ನೊಂದು ಸರಣಿಯ ಮಾಸ್ ಎಫೆಕ್ಟ್ 3ರಲ್ಲಿ ಎ, ಬಿ, ಸಿ ಎಂದು ಆರಿಸುವಂಥ ಮುಕ್ತಾಯ ಇರುವುದಿಲ್ಲವೆಂದು ಮೊದಲೇ ಸಾರಿದ್ದರು. 2012ರ ಮಾರ್ಚ್‌ನಲ್ಲಿ ಗೇಮ್ ಬಂದಾಗ ಇದ್ದದ್ದು ಕೆಂಪು, ನೀಲಿ, ಹಸಿರು ಬಣ್ಣದ ಮೂರು ಸ್ಫೋಟಗಳು. ಆಗ ಅಭಿಮಾನಿಗಳು ಚಂದಾ ಎತ್ತಿ, ಸ್ಟುಡಿಯೊಗೆ 400 ಕಪ್‌ಕೇಕ್‌ಗಳನ್ನು ಕಳಿಸಿದರು. ಮೇಲಿನ ಕೆನೆ ಮೂರು ಬಣ್ಣದ್ದು, ಒಳಗಿನ ರುಚಿ ಎಲ್ಲದಕ್ಕೂ ಒಂದೇ, ವೆನಿಲ್ಲಾ. ಆ ವರ್ಷದ ಅತ್ಯುತ್ತಮ ವಿಮರ್ಶೆ ಅದು. ಇಂಥದ್ದನ್ನು ಬರೆಯಲಾಗಲಿಲ್ಲವಲ್ಲ ಎಂಬ ಹೊಟ್ಟೆಕಿಚ್ಚು ನನಗೆ ಈಗಲೂ ಇದೆ. ಈಗಿನ ಅಭಿಮಾನಿಗಳಿಗೆ ಚಂದಾ ಎತ್ತುವ ತಾಳ್ಮೆಯಿಲ್ಲ. ಬರೆದವರ ಹೆಸರು ಹುಡುಕಿ, ಅವರ ಮನೆತನವನ್ನೆಲ್ಲ ಜಾಲಾಡಿ ಬೈಯುವುದರಲ್ಲೇ ಸುಖ.

ಯಾರನ್ನು ಬೈಯುತ್ತಿದ್ದೀರಿ, ಗೊತ್ತೇ? ಗೇಮ್ ಇನ್ನೂ ಸಿದ್ಧವಾಗುತ್ತಿದ್ದಾಗಲೇ, 2023ರ ಆಗಸ್ಟ್‌ನಲ್ಲಿ ಬಯೋವೇರ್ ಸುಮಾರು 50 ಮಂದಿಯನ್ನು ಮನೆಗೆ ಕಳಿಸಿತು. ಸರಣಿಯ ವ್ಯಾರಿಕ್ ಎಂಬ ಪಾತ್ರಕ್ಕೆ ಮಾತು ಕೊಟ್ಟು ಬೆಳೆಸಿದ ಲೇಖಕಿ ಅವರಲ್ಲೊಬ್ಬರು. ಗೇಮ್ ಬಿಡುಗಡೆಯಾಗಿ ಮೂರು ತಿಂಗಳಾಗುವಷ್ಟರಲ್ಲಿ ಮತ್ತೊಂದು ಸುತ್ತು ನಡೆದು, ಸೋಲಾಸ್‌ನನ್ನು ಬರೆದವರೂ ಹೊರಗೆ ಹೋದರು. ಹೊರ ವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಬೆಳಗ್ಗೆ 'ಪುನರ್‌ರಚನೆ' ಎಂಬ ಮೇಲ್ ಬಂದು, ಮಧ್ಯಾಹ್ನಕ್ಕೆ ಐಡಿ ಕಾರ್ಡ್ ಕೆಲಸ ಮಾಡದೇ ಹೋದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಟಗಾರನ ಆಯ್ಕೆ ನೆನಪಿರಬೇಕಾದರೆ, ಆ ಆಯ್ಕೆಯನ್ನು ಬರೆದವರು ಕೆಲಸದಲ್ಲಿರಬೇಕು. ಅವರ ಸಂಬಳ ಉಳಿಸಿ, ನಮ್ಮಿಂದ ಪೂರ್ತಿ ಬೆಲೆ ವಸೂಲು ಮಾಡಿ, ಕೊನೆಗೆ ಆಟಗಾರರ ಅಭಿರುಚಿಯೇ ಬದಲಾಗಿದೆ ಎಂದು ಷೇರುದಾರರಿಗೆ ವರದಿ ಒಪ್ಪಿಸುವವರ ಬಗ್ಗೆ ವ್ಯಂಗ್ಯವಾಡಲು ನನಗೆ ಚೈತನ್ಯವಿಲ್ಲ. ಇದು ಮೋಸ, ಅಷ್ಟೇ.

ಅದೇ ಸ್ಟುಡಿಯೊದಲ್ಲಿ ಅಳಿದುಳಿದವರು ಈಗ ಮಾಸ್ ಎಫೆಕ್ಟ್‌ನ ಮುಂದಿನ ಭಾಗವನ್ನು ಮಾಡುತ್ತಿದ್ದಾರೆ. ಕೆಂಪು, ನೀಲಿ, ಹಸಿರಿನಲ್ಲಿ ಯಾವುದು ನಿಜವಾದ ಮುಕ್ತಾಯವೆಂದು ಅಭಿಮಾನಿಗಳು ಈಗಾಗಲೇ ಮೂರು ಪಂಗಡವಾಗಿ ಜಗಳಕ್ಕೆ ನಿಂತಿದ್ದಾರೆ, ಪ್ರತಿಯೊಂದು ಪಂಗಡವೂ ತನ್ನ ಬಣ್ಣವನ್ನು ಕೈಬಿಟ್ಟರೆ ಗೇಮ್ ಕೊಳ್ಳುವುದಿಲ್ಲವೆಂದು ಶಪಥ ಮಾಡಿದೆ, ಮತ್ತು ಮೂರೂ ಪಂಗಡದವರು ಮುಂಗಡ ಬುಕಿಂಗ್ ಯಾವಾಗ ಶುರು ಎಂದು ವಿಚಾರಿಸುತ್ತಿದ್ದಾರೆ.