ಮೋಸಂಬಿಗೆ ಮೊದಲ ಡೋಸ್

ರಾಯಚೂರಿನ ತೀನ್ ಕಂದೀಲಿನಲ್ಲಿ ಮೊನ್ನೆ ಒಬ್ಬರೇ ಬಂದು ಎರಡು ಡಜನ್ ಮೋಸಂಬಿ ಕೊಂಡಾಗ, ಯಾರನ್ನೋ ಆಸ್ಪತ್ರೆಗೆ ಸೇರಿಸಿದ್ದಾರೆಂದು ಹಣ್ಣಿನ ವ್ಯಾಪಾರಿ ಮರುಗಿದನಂತೆ. ವಾಸ್ತವದಲ್ಲಿ ರೋಗಿ ಮೋಸಂಬಿಯೇ ಆಗಿತ್ತು. ಊರಾಚೆಯ ಫಾರ್ಮಸಿ ಕಾಲೇಜೊಂದರಲ್ಲಿ ಅಂದು ವಿದ್ಯಾರ್ಥಿಗಳಿಗೆ ಲಸಿಕೆ ಹಾಕುವ ತರಬೇತಿಯಿತ್ತು.

ಪ್ರತಿಯೊಂದು ಹಣ್ಣನ್ನೂ ಕುರ್ಚಿಯ ಮೇಲೆ ಕೂರಿಸಿ, ಪೆನ್ನಿನಿಂದ ಭುಜದ ಸ್ನಾಯುವಿನ ಗೆರೆ ಎಳೆದು, ಜ್ವರವಿದೆಯೇ, ಹಿಂದೆ ಯಾವುದಾದರೂ ಔಷಧ ಒಗ್ಗದೆ ಹೋದದ್ದುಂಟೇ ಎಂದು ವಿನಯದಿಂದ ವಿಚಾರಿಸಿ, 90 ಡಿಗ್ರಿ ಕೋನದಲ್ಲಿ ಅರ್ಧ ಎಂ.ಎಲ್. ನೀರು ಚುಚ್ಚಲಾಯಿತು. ಬಳಿಕ ನಿಯಮದಂತೆ 30 ನಿಮಿಷ ನಿಗಾ. ತುರ್ತಿಗೆ ಬೇಕಾದೀತೆಂದು, ತೀವ್ರ ಅಲರ್ಜಿಗೆ ಕೊಡುವ ಅಡ್ರಿನಾಲಿನ್ ಕೂಡ ಮೇಜಿನ ಮೇಲಿತ್ತು. ಸೂಜಿ ಹೊರಬಂದೊಡನೆ ಒಂದು ಹಣ್ಣು ರಸ ಕಾರಿದ್ದನ್ನು ಅಡ್ಡಪರಿಣಾಮವೆಂದು ರಿಜಿಸ್ಟರಿನಲ್ಲಿ ಬರೆದುಕೊಳ್ಳಲಾಯಿತು.

ಅಮೆರಿಕದ 50 ರಾಜ್ಯಗಳಲ್ಲೂ 2009ರ ಹೊತ್ತಿಗೇ ಫಾರ್ಮಸಿಸ್ಟರು ಲಸಿಕೆ ಹಾಕಲು ಅನುಮತಿ ಪಡೆದಿದ್ದರು. ಅಲ್ಲಿನ ವಿದ್ಯಾರ್ಥಿ ಕಲಿತದ್ದನ್ನು ಹಿರಿಯರ ಕಣ್ಣೆದುರು ನಿಜವಾದ ತೋಳಿನ ಮೇಲೆ ಪ್ರಯೋಗಿಸುತ್ತಾನೆ. ನಮ್ಮಲ್ಲಿ 2008ರಲ್ಲಿ ಆರಂಭವಾದ ಫಾರ್ಮ್ ಡಿ (ಡಾಕ್ಟರ್ ಆಫ್ ಫಾರ್ಮಸಿ) ಪದವಿಗೆ ಇಂಟರ್ನ್‌ಶಿಪ್ ಸೇರಿ ಆರು ವರ್ಷ ಓದಬೇಕಾದರೂ, ಲಸಿಕೆಯ ಮಟ್ಟಿಗೆ ಹೇಳುವುದಾದರೆ, ನಮ್ಮ ವಿದ್ಯಾರ್ಥಿಯ ಕಾರ್ಯಕ್ಷೇತ್ರ ಹಣ್ಣಿನ ಬುಟ್ಟಿಯನ್ನು ದಾಟುವುದು ಅಪರೂಪ.

ಹಾಗೆಂದು ನಮ್ಮ ಹಳ್ಳಿಗಳಲ್ಲಿ ಸೂಜಿಗೆ ಬರವೇನೂ ಇಲ್ಲ. ಬೈಕಿನ ಹ್ಯಾಂಡಲಿಗೆ ಚೀಲ ನೇತುಹಾಕಿಕೊಂಡು ಬರುವ, ಯಾವ ಪದವಿಯ ಹಂಗೂ ಇಲ್ಲದ 'ಡಾಕ್ಟರ್ ಸಾಹೇಬರು' ಕಟ್ಟೆಯ ಮೇಲೆ ಕುಳಿತರೆಂದರೆ, "ಗುಳಿಗಿ ಬ್ಯಾಡ್ರಿ, ಸೂಜಿ ಮಾಡ್ರಿ" ಎಂದು ಅಂಗಿಯ ತೋಳು ಮಡಿಸಿಕೊಂಡವರ ಸಾಲು ಹನುಮಪ್ಪನ ಗುಡಿಯವರೆಗೂ ಬೆಳೆಯುತ್ತದೆ. ಸಾಹೇಬರು ಮೋಸಂಬಿಯ ಮೇಲೆ ಕಲಿತವರಲ್ಲ. ನೇರವಾಗಿ ನಮ್ಮ ಮೇಲೆಯೇ ಕಲಿತವರು.

ನಾಳೆ ಔಷಧ ಅಂಗಡಿಯಲ್ಲೇ ಲಸಿಕೆ ಎಂದು ಸರ್ಕಾರ ಆದೇಶಿಸಿತೆಂದೇ ಇಟ್ಟುಕೊಳ್ಳೋಣ. ನೋಂದಾಯಿತ ಫಾರ್ಮಸಿಸ್ಟನೇ ವೈದ್ಯರ ಚೀಟಿಯ ಔಷಧ ಕೊಡಬೇಕೆಂದು 1948ರ ಫಾರ್ಮಸಿ ಕಾಯ್ದೆಯ 42ನೇ ಕಲಂ ಹೇಳುತ್ತದೆ. ನಮ್ಮ ಎಷ್ಟೋ ಮೆಡಿಕಲ್ ಶಾಪುಗಳಲ್ಲಿ ಆ ಫಾರ್ಮಸಿಸ್ಟ್ ಗಾಜಿನ ಚೌಕಟ್ಟಿನೊಳಗೆ, ಲಕ್ಷ್ಮಿಯ ಫೋಟೋದ ಪಕ್ಕದಲ್ಲಿ, ಊದುಬತ್ತಿಯ ಹೊಗೆ ಕುಡಿಯುತ್ತ ಹಾಜರಿರುತ್ತಾನೆ. ಸರ್ಟಿಫಿಕೇಟ್ ಗೋಡೆಯಿಂದಿಳಿದು ಸಿರಿಂಜ್ ಹಿಡಿಯಬಲ್ಲುದೇ ಎಂಬುದನ್ನು ತಜ್ಞರೇ ಹೇಳಬೇಕು. ಇನ್ನು ಲಸಿಕೆಯನ್ನು ಇಡಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ದಾಟುತ್ತದೆ. ಪಕ್ಕದ ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುತ್ ಸ್ಥಾವರವಿದ್ದರೂ ದೀಪದ ಬುಡದ ಕತ್ತಲೆಯಂತೆ ನಮ್ಮಲ್ಲೇ ಕರೆಂಟು ಹೋಗುತ್ತದೆ. ಫ್ರಿಜ್ಜಿನಲ್ಲಿ ಮಾಲೀಕರ ಮಜ್ಜಿಗೆಯ ತಂಬಿಗೆ ಈಗಾಗಲೇ ಮುಂದಿನ ಸಾಲನ್ನು ಕಾಯ್ದಿರಿಸಿಕೊಂಡಿದೆ.

ತರಬೇತಿ ಮುಗಿದ ಸಂಜೆ, ಕಾಗದದ ಶಾಯಿ ಆರುವ ಮುನ್ನವೇ, ಅಂಗಡಿಯವರೊಬ್ಬರು ಗೇಟಿನ ಬಳಿ ಹುಡುಗನೊಬ್ಬನನ್ನು ಪಕ್ಕಕ್ಕೆ ಕರೆದು, ಕೈಯಲ್ಲಿದ್ದ ಪ್ರಮಾಣಪತ್ರದ ಉದ್ದಗಲವನ್ನು ಕಣ್ಣಲ್ಲೇ ಅಳೆದು ಕೇಳಿದರು: "ತಮ್ಮಾ, ನಿನ್ನ ಫಾರ್ಮಸಿ ಸರ್ಟಿಫಿಕೇಟ್ ಬಂದ ಮ್ಯಾಲೆ ತಿಂಗಳಾ ಎಷ್ಟಕ್ಕ ಕೊಡ್ತಿ? ನೀ ಬರೂದೇನ್ ಬ್ಯಾಡ."