ಪಟಾಕಿಗೊಂದು ಹೊತ್ತು ಬೇಡವೇ?

"ನಾಯಿಗೋಸ್ಕರ ಹಬ್ಬ ಬಿಡಕ್ಕಾಗತ್ತಾ?" ದೀಪಾವಳಿಗೆ ಫೋನ್ ಮಾಡಿದಾಗ ಅಣ್ಣ ಹೀಗೆ ಕೇಳಿದ. ಹಬ್ಬ ಬಿಡಿ ಅಂತ ನಾನು ಹೇಳಿರಲೇ ಇಲ್ಲ. ಶಿವಮೊಗ್ಗದ ಮನೆಯಲ್ಲಿ ನಮ್ಮ ನಾಯಿ ಕರಿಯ ಪಟಾಕಿಗೆ ಹೆದರಿ, ನೀರು ತುಂಬುವ ಹಬ್ಬದಿಂದ ಬಚ್ಚಲೊಲೆ ಪಕ್ಕ ಬಿಟ್ಟು ಎದ್ದಿಲ್ಲ, ಅನ್ನ ಮುಟ್ಟಿಲ್ಲ ಅಂತ ಅಮ್ಮ ಹೇಳಿದರು. ಪಟಾಕಿಗೆ ಒಂದು ಹೊತ್ತು ಅಂತ ಇಟ್ಟುಕೊಳ್ಳಬಾರದಾ ಅಂದೆ, ಅಷ್ಟೇ. "ಜರ್ಮನಿಗೆ ಹೋದಮೇಲೆ ಬುದ್ಧಿ ಹೇಳೋದು ಜಾಸ್ತಿ ಆಯ್ತು" ಅನ್ನುವ ಮಾತೂ ಬಂತು.

ಜರ್ಮನಿಯವರೇನು ಪಟಾಕಿ ಮುಟ್ಟದ ಸಾಧುಗಳಲ್ಲ. ಡಿಸೆಂಬರ್ 31ರ ನಡುರಾತ್ರಿ ನಮ್ಮ ಫ್ರಾಂಕ್‌ಫರ್ಟ್‌ನಲ್ಲಿ ಕಿಟಕಿ ತೆಗೆದರೆ ಹೊಗೆಯಲ್ಲಿ ಎದುರು ಮನೆ ಕಾಣುವುದಿಲ್ಲ. ಆದರೆ ಆ ಹುಚ್ಚಿಗೆ ಒಂದು ದಿನ ಇದೆ. ರಾಕೆಟ್ಟು, ಬಾಂಬು ಅಂಗಡಿಗೆ ಬರುವುದೇ ವರ್ಷದ ಕೊನೆಯ ಮೂರು ದಿನ. ನಡುವೆ ಭಾನುವಾರ ಬಂದರೆ ಒಂದು ದಿನ ಮುಂಚೆ. ಹಚ್ಚುವುದು 31 ಮತ್ತು ಜನವರಿ 1ರಂದು ಮಾತ್ರ. ಆಸ್ಪತ್ರೆ, ಚರ್ಚು, ವೃದ್ಧಾಶ್ರಮಗಳ ಹತ್ತಿರ ಆಗಲೂ ಇಲ್ಲ.

ದಿನ ಗೊತ್ತಿದ್ದರೆ ಎಷ್ಟೆಲ್ಲಾ ಮಾಡಬಹುದು ಅನ್ನುವುದನ್ನು ಕೆಳಗಿನ ಮನೆಯ ಅಜ್ಜಿಯಿಂದ ಕಲಿತೆ. ಅವರದೊಂದು ಡ್ಯಾಷ್‌ಹುಂಡ್ ನಾಯಿ, ಮಹಾ ಪುಕ್ಕಲು. ಅಭ್ಯಾಸ ಆಗಲಿ ಅಂತ ಅಕ್ಟೋಬರ್‌ನಿಂದಲೇ ಅದಕ್ಕೆ ಊಟ ಹಾಕುವಾಗ ಮೊಬೈಲಿನಲ್ಲಿ ಪಟಾಕಿ ಸದ್ದು ಮೆಲ್ಲಗೆ ಹಾಕುತ್ತಾರೆ. ವಾರ ಕಳೆದಂತೆ ಸದ್ದು ಸ್ವಲ್ಪ ಸ್ವಲ್ಪ ಏರುತ್ತದೆ. 31ರಂದು ಹಗಲಲ್ಲೇ ವಾಕಿಂಗ್ ಮುಗಿಯಬೇಕು. ಕೊರಳಪಟ್ಟಿಗೊಂದು, ಎದೆಪಟ್ಟಿಗೊಂದು, ಎರಡು ಹಗ್ಗ. ಒಂದು ಕಿತ್ತರೆ ಇನ್ನೊಂದಿರಲಿ ಅಂತ. ಸಂಜೆಗೆ ಶಟರ್ ಇಳಿಸಿ ರೇಡಿಯೋ ಹಚ್ಚುತ್ತಾರೆ. ಒಂದು ವರ್ಷವಂತೂ ನಾಯಿ ಕಟ್ಟಿಕೊಂಡು ವಿಮಾನ ನಿಲ್ದಾಣದ ಪಕ್ಕದ ಹೋಟೆಲಿಗೇ ಹೋದರು. ನಿಲ್ದಾಣದ ಆಸುಪಾಸಿನಲ್ಲಿ ಪಟಾಕಿ ನಿಷೇಧ. ಹಾಗಾಗಿ ಆ ರಾತ್ರಿ ಅಲ್ಲಿ ನಾಯಿ ಹಿಡಿದವರದ್ದೇ ಸಂತೆ!

ಹಾಗಂತ ಇಲ್ಲಿಯೂ ಅಡ್ಡಸಲಹೆಗಳಿಗೆ ಬರವಿಲ್ಲ. ಮೊಟ್ಟೆ ಹಾಕಿದ ಸಿಹಿ ಮದ್ಯ ಒಂದು ಚಮಚ ಕುಡಿಸಿ, ನಾಯಿ ಸುಮ್ನೆ ಮಲಗುತ್ತದೆ ಅನ್ನುವವರಿದ್ದಾರೆ. ಪಶುವೈದ್ಯರನ್ನು ಕೇಳಿದರೆ, ನಾಯಿಗೆ ಆಲ್ಕೋಹಾಲ್ ವಿಷ ಅಂದರು. ಅಸೆಪ್ರೊಮಜಿನ್ ಅನ್ನುವ ಹಳೇ ಮಾತ್ರೆಯೂ ಬೇಡವಂತೆ. ಅದು ಮೈಯನ್ನು ಮಲಗಿಸುತ್ತದೆ, ಭಯವನ್ನು ತೆಗೆಯುವುದಿಲ್ಲ. ಈಗ ಬೇರೆ ಔಷಧಿಗಳಿವೆ, ಮೊದಲೇ ಬಂದು ತೋರಿಸಬೇಕು. ಹೆದರಿದ ನಾಯಿಯನ್ನು ಸಮಾಧಾನ ಮಾಡಿದರೆ ಭಯ ಇನ್ನೂ ಜಾಸ್ತಿ ಆಗುತ್ತದೆ ಅನ್ನುವುದೂ ಸುಳ್ಳು. ಪಕ್ಕ ಬಂದು ಕೂತರೆ ಕೂರಲಿ ಬಿಡಿ.

ಊರಲ್ಲಿ ಯಾವ ದಿನಕ್ಕೆ ಅಂತ ತಯಾರಾಗುವುದು? ಹಬ್ಬಕ್ಕೆ ವಾರ ಇರುವಾಗಲೇ ಶುರು. ಚತುರ್ದಶಿಯ ಬೆಳಗಿನ ಜಾವ ಎಣ್ಣೆಸ್ನಾನ ಆದ ತಕ್ಷಣ ಸರಪಟಾಕಿ. ಆಮೇಲೆ ಗಂಟೆಗಟ್ಟಲೆ ಏನೂ ಇಲ್ಲ. ಕರಿಯ ಹೊರಗೆ ಮೂತಿ ಹಾಕಿದ ಅನ್ನುವಷ್ಟರಲ್ಲಿ ಢಂ! ಇದು ತುಳಸಿ ಹಬ್ಬದವರೆಗೂ ನಡೆಯುತ್ತದೆ. ಪಾಡ್ಯದ ದಿನ ಹಸುವಿಗೆ ಚೆಂಡುಹೂವಿನ ಹಾರ ಹಾಕಿ ಆರತಿ ಎತ್ತುತ್ತೇವೆ. ಅದೇ ಹೊತ್ತಿಗೆ ಅಂಗಳದಲ್ಲಿ ಆಟಂ ಬಾಂಬ್. ಹಸು ಕಣ್ಣು ಬಿಟ್ಟುಕೊಂಡು ಹಗ್ಗ ಜಗ್ಗುತ್ತಿದ್ದರೂ ಆರತಿ ನಿಲ್ಲುವುದಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ದೀಪಾವಳಿ ಪಟಾಕಿಗೆ ರಾತ್ರಿ 8ರಿಂದ 10 ಅಂತ ಹೊತ್ತು ಕೊಟ್ಟಿತ್ತು. ನಮ್ಮ ಬೀದಿಗೆ ಆ ಸುದ್ದಿ ಇನ್ನೂ ತಲುಪಿದ ಹಾಗಿಲ್ಲ.

ಒಂದನ್ನು ಮಾತ್ರ ಒಪ್ಪಲೇಬೇಕು. ಇಲ್ಲಿ ಹೊಸವರ್ಷದ ರಾತ್ರಿ ತಪ್ಪಿಸಿಕೊಂಡ ನಾಯಿಗೆ ಚರ್ಮದಡಿ ಗುರುತಿನ ಚಿಪ್ ಇದೆ, ಹಗಲೂ ರಾತ್ರಿ ಫೋನ್ ಎತ್ತುವ 'ಟ್ಯಾಸೊ' ಅನ್ನುವ ಸಾಕುಪ್ರಾಣಿ ನೋಂದಣಿ ಸಂಸ್ಥೆ ಇದೆ. ಆದರೆ ಓಡಿಬಂದ ನಾಯಿಗೆ ತೆರೆದ ಬಾಗಿಲು ಒಂದೂ ಇರುವುದಿಲ್ಲ. ಊರಲ್ಲಿ ದೀಪಾವಳಿ ಮೂರು ರಾತ್ರಿಯೂ ಅಮ್ಮ ಗೇಟು ಹಾಕುವುದಿಲ್ಲ. ಬೀದಿಯ ನಾಯಿಗಳು ಬಂದು ಜಗಲಿ ಮೇಲೆ, ಮಂಚದ ಕೆಳಗೆ ಸೇರಿಕೊಳ್ಳುತ್ತವೆ. ಅವಕ್ಕೂ ಗೋಣಿಚೀಲ ಹಾಸಿರುತ್ತಾರೆ. ಕರಿಯನ ಹತ್ತಿರವೂ ಯಾರಾದರೊಬ್ಬರು ಇದ್ದೇ ಇರುತ್ತಾರೆ. ಹಬ್ಬ ಅಂದರೆ ಮನೆ ತುಂಬ ಜನ ಅಲ್ವಾ. ಅಣ್ಣನೂ ಅಷ್ಟೇನೂ ಕಟುಕನಲ್ಲ. ಮಕ್ಕಳ ಕೈಯಿಂದ ಬಾಂಬ್ ಕಿತ್ತುಕೊಂಡು ಹೂಕುಂಡ, ಸುರುಸುರು ಬತ್ತಿ ಕೊಟ್ಟನಂತೆ.

ಆದರೂ ಎಂಟರಿಂದ ಹತ್ತು ಅಂತ ಬೀದಿಯವರೆಲ್ಲ ಒಪ್ಪಿಕೊಳ್ಳುವುದು ಅಷ್ಟು ಕಷ್ಟವಾ? ಗಣಪತಿ ಚಂದಾ ಎಷ್ಟು ಅನ್ನುವುದನ್ನು ಇದೇ ಜನ ಒಂದೇ ಸಂಜೆಯಲ್ಲಿ ತೀರ್ಮಾನ ಮಾಡಿರುತ್ತಾರೆ.